ಜೆಸ್ಸಿಯ ಕೋಣೆ

"ಬರುವ ತಿಂಗಳಿಂದ ನಿನ್ನ ರೂಮಿಗೆ ಎರಡೂವರೆ ಸಾವಿರ ಆಗ್ತದೆ ಜೆಸ್ಸಿ," ಎಂದು ಅಝೀಝಾ ಚಹಾ ಸೋಸುತ್ತ, ಮುಖವೆತ್ತದೆ ಹೇಳಿದಳು.

ಜೆಸ್ಸಿ ಆಗಷ್ಟೇ ಕ್ಲಿನಿಕ್ಕಿನ ಡ್ಯೂಟಿ ಮುಗಿಸಿ ಬಂದಿದ್ದಳು, ಹೆಗಲ ಚೀಲವನ್ನೂ ಇಳಿಸಿರಲಿಲ್ಲ. ಇದುವರೆಗೆ ಅವಳು ಕೊಡುತ್ತಿದ್ದುದು ತಿಂಗಳಿಗೆ ಹದಿನೆಂಟು ನೂರು ದಿರ್ಹಮ್. ಒಂದು ಗಳಿಗೆ ಅಝೀಝಾಳನ್ನೇ ನೋಡಿದಳು. ಆಮೇಲೆ "ಆಯ್ತು ಅಕ್ಕ" ಎಂದು ಚಹಾದ ಲೋಟ ಹಿಡಿದು ತನ್ನ ಕೋಣೆಗೆ ಹೋದಳು.

ಅಝೀಝಾ ಕಾದಿದ್ದು ಈ ಉತ್ತರಕ್ಕಲ್ಲ. ಸತ್ವಾ ಬಡಾವಣೆಯ ಈ ಹಳೆಯ ವಿಲ್ಲಾದ ಬಾಡಿಗೆಯನ್ನು ಮಾಲೀಕ ಈ ವರ್ಷವೂ ಏರಿಸಿದ್ದ. ಗಂಡ ಮೊಯಿನುದ್ದೀನ್ ಅವನ ಆಫೀಸಿಗೆ ಅಲೆದು, ವಾದಿಸಿ, ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಬೇಡಿ, ಏರಿಕೆಯಲ್ಲಿ ಅರ್ಧ ಬಿಡಿಸಿಕೊಂಡು ಬಂದಿದ್ದ. ಸತ್ವಾದ ದರ್ಜಿಗಳಿಗೆ ಗುಂಡಿ, ದಾರ, ಲೈನಿಂಗ್ ಬಟ್ಟೆ ಮಾರಿ ಬದುಕು ಕಟ್ಟಿಕೊಂಡ ಭಟ್ಕಳದವನು ಅವನು. ಚೌಕಾಶಿ ಅವನಿಗೆ ನೀರು ಕುಡಿದಷ್ಟು ಸಲೀಸು. ಹೆಂಡತಿಗೆ ಅವನೇ ಹೇಳಿಕೊಟ್ಟಿದ್ದ: "ನಮಗೆ ಬೇಕಾದ್ದು ಎರಡು ಸಾವಿರ. ನೀನು ಎರಡೂವರೆ ಹೇಳು. ಅವಳು ಇಳಿಸಿ ಅಂತಾಳೆ, ನೀನು ಸ್ವಲ್ಪ ಮುಖ ಸಣ್ಣ ಮಾಡಿ ಇಳಿಸು. ಅವಳಿಗೂ ಖುಷಿ, ನಮಗೂ ಖುಷಿ."

ಆ ದಿನ ಅಂಗಡಿಯಿಂದ ಬಂದವನು ಕೇಳಿದ. "ಏನಂದಳು?"

"ಆಯ್ತು ಅಂದಳು."

"ಒಂದು ಮಾತೂ ಆಡದೆ?" ಮೊಯಿನುದ್ದೀನನಿಗೇ ಸ್ವಲ್ಪ ಅಚ್ಚರಿಯಾಯಿತು. "ಹಾಗಾದ್ರೆ ಖಲಾಸ್. ಅವಳ ಕೈಯಲ್ಲಿ ದುಡ್ಡುಂಟು. ನೀನು ಯಾಕೆ ಮುಖ ಇಳಿಸ್ಕೊಂಡಿದ್ದಿ?"

ಜೆಸ್ಸಿ ಉಡುಪಿ ಕಡೆಯವಳು. ಅವಳ ಕೊಂಕಣಿ, ಅಝೀಝಾಳ ನವಾಯತಿ, ಎರಡನ್ನೂ ಬೆರೆಸಿ ಅಡುಗೆಮನೆಯಲ್ಲಿ ಅವರಿಬ್ಬರೂ ಆಡುತ್ತಿದ್ದ ಭಾಷೆ ಮನೆಯಲ್ಲಿ ಬೇರೆ ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಹೋದ ವರ್ಷ ಅಝೀಝಾಳ ಪಿತ್ತಕೋಶದ ಆಪರೇಷನ್ ಆದಾಗ ಮೊಯಿನುದ್ದೀನ್ ಅಂಗಡಿ ಮುಚ್ಚುವಂತಿರಲಿಲ್ಲ. ಜೆಸ್ಸಿಯೇ ರಜೆ ಹಾಕಿ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದಳು, ತಲೆ ಬಾಚಿದ್ದಳು, ಗಂಜಿ ಕುಡಿಸಿದ್ದಳು.

ಎರಡು ಸಾವಿರ ಸಾಕು ಎಂದುಬಿಡಬೇಕೆಂದು ಅಝೀಝಾ ಮೀನಿನ ಸಾರಿನ ನೆಪ ಮಾಡಿಕೊಂಡು ಒಮ್ಮೆ ಅವಳ ಬಾಗಿಲು ತಟ್ಟಿದಳು. ಜೆಸ್ಸಿ ಬಟ್ಟಲು ತೆಗೆದುಕೊಂಡು, ಅಝೀಝಾಳ ಮಗಳು ನುಹಾಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದಳು. ಬಾಡಿಗೆಯ ಮಾತು ಎತ್ತಲಿಲ್ಲ. ಅಝೀಝಾಳೂ ಎತ್ತಲಿಲ್ಲ. ಹಾಗೆ ನಿಂತಿದ್ದಾಗಲೇ ಮಗಳ ಸ್ಕೂಲ್ ಬಸ್ಸಿನ ಖರ್ಚು ತಲೆಗೆ ಬಂತು. ಆ ಹೆಚ್ಚಿನ ಐನೂರು ಅದಕ್ಕೆ ಸರಿಹೋಗುತ್ತಿತ್ತು. ಅವಳೇ ಒಪ್ಪಿದ ಮೇಲೆ ನಾನ್ಯಾಕೆ ಇಳಿಸಬೇಕು ಎಂದುಕೊಂಡು ವಾಪಸು ಬಂದಳು.

ತಿಂಗಳ ಕೊನೆಗೆ ಜೆಸ್ಸಿ ತಾನಾಗಿಯೇ ಅಡುಗೆಮನೆಗೆ ಬಂದಳು. "ಶುಕ್ರವಾರ ಹೊರಡ್ತೇನೆ ಅಕ್ಕ. ಅಲ್ ಕೂಜ್‌ನಲ್ಲಿ ನಮ್ಮ ಕ್ಲಿನಿಕ್ಕಿನ ಹುಡುಗಿಯರು ಇದ್ದಾರಲ್ಲ, ಅವರ ರೂಮಲ್ಲಿ ಒಂದು ಮಂಚದ ಜಾಗ ಖಾಲಿ ಉಂಟು."

"ಆಯ್ತು ಅಂದಿದ್ದಿಯಲ್ಲ ನೀನು?"

"ನೀವು ಹೇಳಿದ್ದಕ್ಕೆ ಆಯ್ತು ಅಂದೆ. ಅಷ್ಟು ಕೊಟ್ರೆ ಊರಿಗೆ ಕಳಿಸ್ಲಿಕ್ಕೆ ಏನೂ ಉಳಿಯುದಿಲ್ಲ. ಅಲ್ಲಿ ಅಡ್ವಾನ್ಸ್ ಕೊಟ್ಟಾಯ್ತು."

ಶುಕ್ರವಾರ ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವವರೆಗೆ ನುಹಾ ಗೇಟಿನಲ್ಲೇ ನಿಂತಿದ್ದಳು. ಒಳಗೆ ಬಂದವಳು, "ಮಮ್ಮಾ, ಡಿಡ್ ಯು ಟೆಲ್ ಹರ್ ಟು ಗೋ?" ಎಂದು ಕೇಳಿದಳು. ಅಝೀಝಾ ಇಲ್ಲವೆಂದು ತಲೆಯಾಡಿಸಿ, ಒಲೆಯ ಕಡೆ ತಿರುಗಿಕೊಂಡಳು.

ಕೋಣೆ ಇಡೀ ತಿಂಗಳು ಖಾಲಿ ಬಿತ್ತು. ಕಡೆಗೆ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಹಫ್ಸ ಎಂಬವಳು ನೋಡಲು ಬಂದಳು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಎಸಿ ಹಳೆಯದು, ಸದ್ದು ಜಾಸ್ತಿ. ಕಿಟಕಿ ತೆರೆದರೆ ಪಕ್ಕದ ಗೋಡೆ. ಅಡುಗೆಮನೆ ಬೇರೆಯವರ ಜತೆ. ಮೊಯಿನುದ್ದೀನ್ ಹುರುಪಿನಿಂದ ಒಂದೊಂದಕ್ಕೂ ಉತ್ತರ ಕೊಟ್ಟ. ಆದರೂ ಅವಳು ಹಂತಹಂತವಾಗಿ ಇಳಿಸುತ್ತ ಹೋಗಿ, ಕೊನೆಗೆ ಹದಿನೇಳು ನೂರಕ್ಕೆ ಗಟ್ಟಿ ಮಾಡಿಕೊಂಡಳು.

"ಭಾರಿ ಗಟ್ಟಿಗಿತ್ತಿ," ಎಂದು ಅವಳು ಹೋದ ಮೇಲೆ ಮೊಯಿನುದ್ದೀನ್ ಮೆಚ್ಚಿಗೆಯಿಂದಲೇ ನಕ್ಕ. "ಹೋಗಲಿ ಬಿಡು, ಖಾಲಿ ಇಡುವುದಕ್ಕಿಂತ ಲೇಸು."

ಅಝೀಝಾಳಿಗೆ ನಗು ಬರಲಿಲ್ಲ. ಅವನು ಅಂಗಡಿಗೆ ಹೋಗುವವರೆಗೆ ತಾಳಿಕೊಂಡಿದ್ದು, ಜೆಸ್ಸಿಗೆ ಫೋನ್ ಮಾಡಿದಳು. ಊಟ, ಡ್ಯೂಟಿ, ಹೊಸ ರೂಮಿನ ಸೆಕೆ, ಎಲ್ಲ ಮಾತಾಡಿ ಆದ ಮೇಲೆ ಇನ್ನು ಒಳಗಿಟ್ಟುಕೊಳ್ಳಲಾಗಲಿಲ್ಲ.

"ಸ್ವಲ್ಪ ಕಡಿಮೆ ಮಾಡಿ ಅಂತ ಒಂದು ಮಾತು ಕೇಳ್ಬಾರದಿತ್ತಾ ಮಾರಾಯ್ತಿ? ನೀನು ಕೇಳ್ತಿ ಅಂತಲೇ ನಾನು ಹೆಚ್ಚಿಗೆ ಹೇಳಿದ್ದು."

ಆ ಕಡೆ ಯಾರೋ ನಲ್ಲಿ ತಿರುಗಿಸಿದ, ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು.

"ನೀವು ಹೆಚ್ಚಿಗೆ ಹೇಳ್ತೀರಿ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಅಕ್ಕ?" ಎಂದಳು ಜೆಸ್ಸಿ. "ಅಂಗಡಿಯವರು ಯಾರಾದ್ರೂ ಹೇಳಿದ್ರೆ ಕಡಿಮೆ ಮಾಡಿ ಅಂತ ಕೇಳ್ತಿದ್ದೆ. ಹೇಳಿದ್ದು ನೀವಲ್ವಾ?"