ಅಪ್ಪನ ಬಂಡೆ

ಸ್ಕೂಬಾ ಕ್ಲಬ್ಬಿನ ಸಭೆಯಲ್ಲಿ ಒಬ್ಬೊಬ್ಬರೂ ಸಮುದ್ರದೊಳಗೆ ತಮಗಿಷ್ಟವಾದ ಜಾಗ ಯಾವುದೆಂದು ಹೇಳಿದರು. ಕೊನೆಗೆ ನಾಗವೇಣಿಯ ಸರದಿ ಬಂತು.

“ಮೀನುಗಾರರ ಮಗಳು ನೀವು. ನಿಮ್ಮಪ್ಪ ಯಾರಿಗೂ ಹೇಳದ, ಮೀನು ತುಂಬಿರೋ ಬಂಡೆ ಒಂದಿದೆಯಂತೆ, ಎಲ್ಲಿದೆ?” ಎಂದರು ಅಧ್ಯಕ್ಷರು.

“ಹೇಳೋದಿಲ್ಲ. ಬೇಕಾದ್ರೆ ಭಾನುವಾರ ಬನ್ನಿ, ತೋರಿಸ್ತೇನೆ.”

ಭಾನುವಾರ ಇಪ್ಪತ್ತು ಜನ ಸಿಲಿಂಡರ್ ಹೊತ್ತು, ಕಾಲಿಗೆ ಡೈವಿಂಗ್ ಚಾಕು ಕಟ್ಟಿಕೊಂಡು ಅವಳ ಹಿಂದೆ ಮುಳುಗಿದರು. ಕೆಳಗೆ ಬಂಡೆಯಿತ್ತು. ಅದರ ತುಂಬ ಯಾವುದೋ ಬೋಟಿನ ಹರಿದ ಬಲೆ ಸುತ್ತಿಕೊಂಡಿತ್ತು. ಬಲೆಯೊಳಗೆ ಸತ್ತ ಆಮೆಯೊಂದು ತೂಗಾಡುತ್ತಿತ್ತು.

ಮೇಲೆ ಬಂದವರೇ ಅಧ್ಯಕ್ಷರು ಮಾಸ್ಕ್ ಕಿತ್ತರು.

“ಇದನ್ನ ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ರಾ?”

“ಬಲೆ ಬಿಡಿಸೋಕೆ ಬನ್ನಿ ಅಂತ ನಾಲ್ಕು ಸಲ ಕರೆದೆ ಸರ್, ಒಬ್ರೂ ಬರಲಿಲ್ಲ. ಚಾಕು ಎಲ್ಲರ ಕಾಲಲ್ಲೂ ಇದೆ. ಇಳೀರಿ.”