ಸೋಮವಾರದ ಜಪಸರ

ಹೊಳೆಗೆ ಹೋಗಿ ಕಾಣೆಯಾಗಿದ್ದ ಮಗನ ಶವವನ್ನು ಶವಾಗಾರದಲ್ಲಿ ಗುರುತಿಸಿ ಬಂದ ಇನ್ನಾಸಪ್ಪನಿಗೆ, ಬಾಗಿಲಲ್ಲಿ ಕಾಯುತ್ತಿದ್ದ ಹೆಂಡತಿಯನ್ನು ಕಂಡಾಗ ನಿಜ ಹೇಳಲು ನಾಲಗೆ ಏಳಲಿಲ್ಲ.

"ಅರುಳ ಸಿಕ್ಕಿದನೇನ್ರೀ?"

"ಹುಡುಕ್ತಾ ಇದ್ದಾರೆ, ಚೌರಮ್ಮ. ಸಿಗ್ತಾನೆ."

ಅವಳು ಅವನ ಮುಖವನ್ನೇ ನೋಡಿದಳು. ಯೇಸುವಿನ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿದಳು.

"ಬನ್ನಿ, ಜಪಸರ ಹೇಳೋಣ."

ಮಣಿ ಎಣಿಸುತ್ತ ನೆನೆಯುವ ಯೇಸುವಿನ ಬದುಕಿನ ಘಟನೆಗಳೇ ರಹಸ್ಯಗಳು. ಸೋಮವಾರ ಸಂತೋಷದ ಐದು ರಹಸ್ಯಗಳ ದಿನ; ದುಃಖದ ಐದು ಮಂಗಳವಾರಕ್ಕೆ. ಒಂದೊಂದು ರಹಸ್ಯವನ್ನೂ ಅವನು ಸಾರಿದ, ಅವಳು ಜೊತೆಗೆ ಜಪಿಸಿದಳು. ದೇವದೂತ ಶುಭವಾರ್ತೆ ತಂದ. ಮಾತೆ ತನ್ನ ಬಸುರಿ ಬಂಧುವನ್ನು ಕಾಣಲು ಹೋದಳು. ಮಗು ಹುಟ್ಟಿತು. ಮಗುವನ್ನು ದೇವಾಲಯದಲ್ಲಿ ದೇವರಿಗೆ ಒಪ್ಪಿಸಿದರು. ಇನ್ನು ಉಳಿದದ್ದು ಐದನೆಯದು: ಕಳೆದುಹೋಗಿದ್ದ ಬಾಲಯೇಸು ತಾಯಿತಂದೆಗೆ ಮತ್ತೆ ಸಿಕ್ಕಿದ್ದು.

ಇನ್ನಾಸಪ್ಪ ಬಾಯಿ ತೆರೆದ. ಮಣಿ ಹಿಡಿದ ಬೆರಳು ಅಲ್ಲೇ ನಿಂತಿತು.

"ಯಾಕೋ ಮರೆತುಹೋಯ್ತು," ಎಂದ. "ನೀನೇ ಹೇಳು."

ಚೌರಮ್ಮ ಪಟದಿಂದ ಕಣ್ಣು ಕೀಳದೆ, ಅವನ ಕೈಯನ್ನು ಹಿಡಿದುಕೊಂಡು ಸಾರಿದಳು:

"ದುಃಖದ ಐದನೆಯ ರಹಸ್ಯ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದು."