ಎಡಗಡೆಯ ಸ್ಪೀಕರ್

ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕರಿಬಸಮ್ಮ ಮಗಳ ಕೂದಲನ್ನು ಮೂರು ಪಾಲು ಮಾಡಿಕೊಂಡಿದ್ದಳಷ್ಟೆ, ಅಂಗಳದಿಂದ “ಪಂಚಾಕ್ಷರಪ್ಪನೋರೇ, ಬಂದೆ ಕಣ್ರೀ!” ಎಂಬ ಕೂಗು ಕೇಳಿಸಿತು. ತರೀಕೆರೆಯ ರೇಡಿಯೋ ರಿಪೇರಿ ಅಂಜಿನಪ್ಪ ಮೊದಲ ಬಸ್ಸಿಗೇ ಬಂದಿಳಿದಿದ್ದ. ತೀರ್ಥ ತಲೆ ಕೊಸರಿಕೊಂಡು ಓಡಿದಳು.

“ಲೇ, ಇನ್ನೊಂದು ಜಡೆ ಕಣೇ!”

“ಆಮೇಲಮ್ಮಾ!”

ಅಜ್ಜಂಪುರದ ಮದುವೆ ಪಾರ್ಟಿಯವರೆಲ್ಲ ಈಗ ಹಾಡು ಹಾಕುವ ಕಾರೇ ಬೇಕೆನ್ನುತ್ತಿದ್ದರು. ಅದಕ್ಕೇ ಪಂಚಾಕ್ಷರಪ್ಪ ತನ್ನ ಅಂಬಾಸಿಡರ್ ಟ್ಯಾಕ್ಸಿಯ ಹಳೆಯ ರೇಡಿಯೋ ಕೀಳಿಸಿ ಕ್ಯಾಸೆಟ್ ಸೆಟ್ ಹಾಕಿಸಲು ಹೊರಟಿದ್ದ. ಮಗಳಿಗೆ ಆ ಕಾರಿನ ಮೇಲೆ ಒಂದು ಮುನಿಸಿತ್ತು. ಶಾಲೆಯ ಕಡೆಗೆ ಬಾಡಿಗೆ ಇದ್ದ ದಿನ ಅಪ್ಪ ಅವಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಕೆಮ್ಮಣ್ಣುಗುಂಡಿಗೆ ಹೋದರೆ ಮೋಡ ಕೈಗೆ ಸಿಗುತ್ತದಾ, ಬೀರೂರಿನಲ್ಲಿ ರೈಲು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಅಪ್ಪ ಒಂದಕ್ಕೂ ತುಟಿ ಬಿಚ್ಚುತ್ತಿರಲಿಲ್ಲ. ಅದೇ ಅಪ್ಪ ಮನೆಯಲ್ಲಿ ಊಟಕ್ಕೆ ಕೂತರೆ ಕೈ ಒಣಗುವವರೆಗೂ ಅವಳ ಜೊತೆ ಹರಟುತ್ತಿದ್ದ. ಕಾರಿನಲ್ಲಿ ಮಾತ್ರ ಅಪ್ಪಾಜಿಗೆ ನಾನು ಯಾಕೆ ಬೇಡ? ಅಮ್ಮನನ್ನು ಕೇಳಿದ್ದಕ್ಕೆ ಅವಳು, “ಅದನ್ನ ಅವರನ್ನೇ ಕೇಳು ಮಗಾ” ಎಂದಿದ್ದಳು. ಎಂಥ ಉತ್ತರ ಬಂದೀತೋ ಎಂಬ ಹೆದರಿಕೆಗೆ ತೀರ್ಥ ಮೂರು ತಿಂಗಳಿಂದ ಕೇಳಿರಲಿಲ್ಲ.

ಹಳೆಯ ರೇಡಿಯೋ ಹೊರಬಂತು. ಹಿಂದಿನ ಸೀಟಿನ ಮೇಲುಗಡೆ ಎರಡು ಸ್ಪೀಕರ್ ಕೂತವು, ಎಡಕ್ಕೊಂದು, ಬಲಕ್ಕೊಂದು. ನಡುವೆ ತೀರ್ಥ ಕಾಲು ಮಡಿಸಿಕೊಂಡು ಕೂತಳು. ಪಂಚಾಕ್ಷರಪ್ಪ ಸ್ಟೇರಿಂಗಿನ ಹಿಂದೆ ಕೂತಿದ್ದ. ಅಂಜಿನಪ್ಪ ಮುಂದಿನ ಸೀಟಿನಲ್ಲಿ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಅವನ ಕೈಗಿಂತ ಬಾಯಿ ಚುರುಕು.

“ತರೀಕೆರೆ ಸ್ಟ್ಯಾಂಡಿನ ನಂಜುಂಡಪ್ಪ ಗೊತ್ತಲ್ಲ? ಕನ್ನಡಕ ಹಾಕ್ಕೊಂಡು ಬಂದ ನೋಡಿ, ಡ್ರೈವರಿಗೆ ಕಣ್ಣು ಕಾಣಲ್ಲ ಅಂತ ಸುದ್ದಿ ಆಗೋಯ್ತು. ಈಗ ಅವನ ಕಾರು ಹತ್ತೋರೇ ಇಲ್ಲ. ಪಾಪ, ಎಮ್ಮೆ ಕಟ್ಟಿದಾನೆ.”

“ಯಾರಪ್ಪಾ ಅಷ್ಟು ಬೇಗ ಸುದ್ದಿ ಮಾಡಿದ್ದು?”

“ನಾನೇ ಒಂದು ನಾಲ್ಕು ಜನಕ್ಕೆ ಹೇಳಿದ್ದೆ, ಅಷ್ಟೇ ಕಣ್ರೀ!”

ಹಿಂದಿನಿಂದ ಬಂದ ವೈರುಗಳೆಲ್ಲ ಒಂದೇ ಕಪ್ಪು. ಯಾವ ಜೋಡಿ ಯಾವ ಸ್ಪೀಕರಿನದೆಂದು ತಿಳಿಯಬೇಕಿತ್ತು. ಅಂಜಿನಪ್ಪ ವಾಲಗದ ಕ್ಯಾಸೆಟ್ ಹಾಕಿ ಒಂದು ಜೋಡಿ ತಾಗಿಸಿದ. “ಇಲ್ಲಿ ಅಡೀಲಿ ನಂಗೆ ಎಲ್ಲಾ ಕಡೆಯಿಂದ ಗುಂಯ್ ಅನ್ನುತ್ತೆ. ನೀವು ಹೇಳಿ, ಯಾವ ಕಡೆ ಬಂತು?”

“ಬಲಗಡೆ” ಎಂದ ಪಂಚಾಕ್ಷರಪ್ಪ.

ತೀರ್ಥ ಹುಬ್ಬೇರಿಸಿದಳು. ನಾಗಸ್ವರ ಅವಳ ಎಡಗಿವಿಯ ಹತ್ತಿರವೇ ಊದುತ್ತಿತ್ತು.

ಅಂಜಿನಪ್ಪ ಇನ್ನೊಂದು ಜೋಡಿ ತಾಗಿಸಿದ. “ಈಗ?”

“ಇದೂ ಬಲಗಡೆನೇ.”

“ಎರಡೂ ಬಲಗಡೆ ಬರೋಕೆ ನಾನೇನು ಎರಡು ಸ್ಪೀಕರ್‌ನೂ ಒಂದೇ ಕಡೆ ಕೂರಿಸಿದೀನಾ? ಬೆಳಗ್ಗೆ ತಿಂಡಿ ಆಗಿಲ್ವಾ ನಿಮಗೆ? ಸರಿಯಾಗಿ ಕೇಳ್ರೀ.” ಅಂಜಿನಪ್ಪ ಮತ್ತೆ ಮೊದಲಿನ ಜೋಡಿ ತಾಗಿಸಿದ.

ಅಷ್ಟರಲ್ಲಿ ಕರಿಬಸಮ್ಮ ಎರಡು ಲೋಟ ಕಾಫಿ ಹಿಡಿದು ಬಂದಳು. ಅಂಜಿನಪ್ಪನ ಲೋಟವನ್ನು ಎಡಗಡೆಯ ಬಾಗಿಲಲ್ಲಿ ಇಟ್ಟಳು. ಗಂಡ ಎರಡೇ ಮೊಳ ದೂರದಲ್ಲಿದ್ದರೂ ಅವಳು ಅವನ ಲೋಟವನ್ನು ಅಲ್ಲಿಂದಲೇ ಚಾಚಲಿಲ್ಲ. ಕಾರಿನ ಮುಂಭಾಗವನ್ನೆಲ್ಲ ಸುತ್ತಿಕೊಂಡು ಬಲಗಡೆಯ ಕಿಟಕಿಗೆ ಬಂದು, ಬಗ್ಗಿ, “ರೀ, ಕಾಫಿ” ಎಂದಳು. ಅವನು ತಕ್ಷಣ ತಿರುಗಿದ.

ತೀರ್ಥ ಅಮ್ಮನನ್ನೇ ನೋಡಿದಳು. ಊಟಕ್ಕೆ ಬಡಿಸುವಾಗಲೂ ಅಮ್ಮ ಅಪ್ಪನ ಬಲಪಕ್ಕದಲ್ಲೇ ನಿಲ್ಲುತ್ತಿದ್ದಳು. ತೀರ್ಥಳ ತಟ್ಟೆಯನ್ನೂ ದಿನಾ ಆ ಪಕ್ಕದಲ್ಲೇ ಇಡುತ್ತಿದ್ದಳು. ಕಾರಿನಲ್ಲಿ ಮಾತ್ರ ತಾನು ಅಪ್ಪನ ಎಡಪಕ್ಕ. ತೀರ್ಥ ತನ್ನ ಎಡಗಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು. ಈಗ ವಾಲಗ ಬಲಗಡೆಯಿಂದ ಬಂದಂತೆ ಕೇಳಿಸಿತು.

“ಇದೇ ಕೊನೆ ಸಲ” ಅಂದ ಅಂಜಿನಪ್ಪ. “ಇದೂ ಬಲಗಡೆ ಅಂದ್ರೆ ಒಂದೋ ಸೆಟ್ಟು ಕೆಟ್ಟಿರ್ಬೇಕು, ಇಲ್ಲಾ ನಿಮ್ಮ ಕಿವಿ! ಹೇಳಿ, ಯಾವ ಕಡೆ?”

ಪಂಚಾಕ್ಷರಪ್ಪನ ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತ್ತು. ಅವನ ಕಣ್ಣು ಸುಮ್ಮನೆ ಕನ್ನಡಿಗೆ ಹೋಯಿತು. ಕನ್ನಡಿಯಲ್ಲಿ ಮಗಳು ಉಸಿರೆತ್ತದೆ ಒಂದು ಕೈಯನ್ನು ಎಡಗಡೆಯ ಸ್ಪೀಕರಿನ ಮೇಲೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

“ಎಡಗಡೆ” ಎಂದ.

“ಹಂಗೆ ಹೇಳಿ ಮತ್ತೆ! ಇಷ್ಟೊತ್ತು ಎಲ್ಲಿತ್ತು ನಿಮ್ಮ ಗ್ಯಾನ?”

ಎರಡೂ ಸ್ಪೀಕರ್ ಒಟ್ಟಿಗೆ ಮೊಳಗಿದವು. ಅಂಜಿನಪ್ಪ ಹೊರಗೆ ತೆವಳಿ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಕೈ ತೊಳೆಯಲು ಹಿತ್ತಿಲಿಗೆ ಹೋದ. ಪಂಚಾಕ್ಷರಪ್ಪ ಕ್ಯಾಸೆಟ್ ನಿಲ್ಲಿಸಿದ. ಆದರೂ ಹಿಂದಕ್ಕೆ ತಿರುಗಲಿಲ್ಲ. ಮನೆಯ ಬಾಗಿಲಲ್ಲಿ ಕರಿಬಸಮ್ಮ ಬಾಚಣಿಗೆ, ಜಡೆಯ ಟೇಪು ಹಿಡಿದು ನಿಂತಿದ್ದಳು. ಮಗಳನ್ನು ಕರೆಯಲಿಲ್ಲ.

ತೀರ್ಥ ಕಾರಿನಿಂದ ಇಳಿದಳು. ಅಮ್ಮ ಬಂದ ದಾರಿಯಲ್ಲೇ ಕಾರಿನ ಮುಂಭಾಗ ಸುತ್ತಿಕೊಂಡು ಬಲಗಡೆಯ ಕಿಟಕಿಗೆ ಹೋಗಿ, ತುದಿಗಾಲಲ್ಲಿ ನಿಂತು ಗದ್ದ ಊರಿದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು.

“ಅಪ್ಪಾಜಿ, ಇಷ್ಟು ದಿನ ಕಾರಲ್ಲಿ ನಾನು ಹೇಳಿದ್ದನ್ನೆಲ್ಲ ಈ ಕಡೆಯಿಂದ ಇನ್ನೊಂದ್ಸಲ ಹೇಳ್ಲಾ?”